ಕರುಳಿನ ಚಲನೆ ಮರಳಿದ ಸಮಯ

ಮಾನ್ವಿಯ ಅಕ್ಕಿ ಗಿರಣಿ ಮಾಲೀಕ ಜಂಬಣ್ಣನಿಗೆ ಎರಡು ದಿನದಿಂದ ಹೊಟ್ಟೆ ನೋವಿತ್ತು. ಮಲ್ಲಟದ ಮದುವೆಯಲ್ಲಿ ಉಂಡ ಬದನೆಕಾಯಿಯದೇ ಕೆಲಸವೆಂದು ಅವನು ಓಮಿನ ನೀರು ಕುಡಿದು ಕೂತಿದ್ದ. ಮಂಗಳವಾರ ಮಧ್ಯಾಹ್ನ ಹೆಂಡತಿ ಅಂಬಮ್ಮ ಅವನ ಮಾತು ಕೇಳುವುದನ್ನು ಬಿಟ್ಟು, ಕಾರಿನಲ್ಲಿ ಹಾಕಿಕೊಂಡು ರಾಯಚೂರಿನ ಆಸ್ಪತ್ರೆಗೆ ತಂದಳು. ಶಸ್ತ್ರವೈದ್ಯ ಡಾ. ಉದಯಕುಮಾರ ಹೊಟ್ಟೆ ಒತ್ತಿ ನೋಡಿದವರೇ ಅಪೆಂಡಿಕ್ಸ್ ಒಡೆದಿದೆ ಎಂದರು. ಒಂದು ತಾಸಿನಲ್ಲಿ ಆಪರೇಷನ್ ನಡೆಯಿತು.

ಮರುದಿನ ಬೆಳಿಗ್ಗೆ ಜಂಬಣ್ಣನಿಗೆ ಚೆನ್ನಾಗಿ ಎಚ್ಚರವಾದ ಮೇಲೆ ಗುಲ್ನಾಜ್ ಎಂಬ ನರ್ಸ್ ಒಂದು ಫೈಲು ಹಿಡಿದು ಬಂದಳು. ಅವಳು ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಒಂದು ಸಂಶೋಧನೆಯ ಕೆಲಸ ನೋಡಿಕೊಳ್ಳುತ್ತಿದ್ದಳು.

"ಆಪರೇಷನ್ ಆದ ಮ್ಯಾಗ ಕರುಳು ಮಲಗಿಬಿಡತದ್ರಿ," ಎಂದು ವಿವರಿಸಿದಳು. "ಚೂಯಿಂಗ್ ಗಮ್ ಅಗದ್ರ ಊಟ ಬರಾಕತ್ತದ ಅಂತ ತಿಳದು ಲಗೂನ ಏಳತದೇನು ಅಂತ ನೋಡಾಕತ್ತೀವಿ. ಅರ್ಧ ಮಂದಿಗೆ ಗಮ್ ಕೊಡತೀವಿ, ಅರ್ಧ ಮಂದಿಗೆ ಇಲ್ಲ. ಯಾರಿಗೆ ಏನು ಅನ್ನೋದು ಮುಚ್ಚಿದ ಲಕೋಟಿ ಹೇಳತದ. ನಿಮಗ ಬ್ಯಾಡಂದ್ರ ಬ್ಯಾಡ."

ಜಂಬಣ್ಣ ಒಪ್ಪಿಗೆ ಪತ್ರದ ನಾಲ್ಕೂ ಪುಟ ಓದಿದ. ಎರಡನೆಯ ಪುಟದಲ್ಲಿ ಒಂದು ಕಾಗುಣಿತದ ತಪ್ಪು ತೋರಿಸಿದ. ಮೂರನೆಯ ಪುಟದಲ್ಲಿ "ಕರುಳಿನ ಚಲನೆ ಮರಳಿದ ಸಮಯವನ್ನು ದಾಖಲಿಸಲಾಗುವುದು" ಎಂದಿತ್ತು. ಅದನ್ನು ಯಾವುದೋ ಮಷೀನು ದಾಖಲಿಸುತ್ತದೆ ಎಂದುಕೊಂಡು ಸಹಿ ಹಾಕಿದ.

ಲಕೋಟೆ ಗಮ್ ಎಂದಿತು. ಪಕ್ಕದ ಹಾಸಿಗೆಯಲ್ಲಿದ್ದವನು ದೇವದುರ್ಗದ ಹಮಾಲಿ ಹುಲಗಪ್ಪ. ಚೀಲ ಎತ್ತಿ ಎತ್ತಿ ಹರ್ನಿಯಾ ಆಗಿ, ಅದರಲ್ಲಿ ಸಿಕ್ಕಿಕೊಂಡ ಕರುಳಿನ ತುಂಡನ್ನು ಕತ್ತರಿಸಿ, ಉಳಿದದ್ದನ್ನು ಸೇರಿಸಿ ಹೊಲಿದಿದ್ದರು. ಅವನ ಲಕೋಟೆಯಲ್ಲಿ ಗಮ್ ಇರಲಿಲ್ಲ. ಕರುಳು ಏಳುವ ತನಕ ಇಬ್ಬರಿಗೂ ಊಟವಿರಲಿಲ್ಲ.

ಗಿರಣಿಯಲ್ಲಿ ಯಾರಾದರೂ ಬಾಯಲ್ಲಿ ಏನಾದರೂ ಅಗಿಯುತ್ತ ಎದುರು ಬಂದರೆ ಹೊರಗೆ ಕಳಿಸುತ್ತಿದ್ದ ಜಂಬಣ್ಣ ಈಗ ದಿನಕ್ಕೆ ಮೂರು ಸಲ, ಮುಖಕ್ಕೆ ಪೇಪರು ಅಡ್ಡ ಹಿಡಿದು ಗಮ್ ಅಗಿಯತೊಡಗಿದ.

ಬುಧವಾರ ಸಂಜೆ ಗುಲ್ನಾಜ್ ಬಂದು ಕೇಳಿದಳು. "ಗಾಳಿ ಹೋತೇನ್ರಿ?"

ಜಂಬಣ್ಣ ಮೇಲೆ ನೋಡಿದ. "ಇಲ್ಲಲ್ಲ, ಫ್ಯಾನ್ ತಿರಗಾಕತ್ತದ. ಗಾಳಿ ಛಲೋ ಬರತದ."

"ಆ ಗಾಳಿ ಅಲ್ರಿ. ನಿಮ್ಮದು."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಕಿವಿಗಳು ಕೆಂಪಾದವು. ಕರುಳು ಎದ್ದಿದೆ ಎಂಬುದಕ್ಕೆ ಅದೇ ಮೊದಲ ಗುರುತು, ಅದರ ಸಮಯವನ್ನೇ ತಾನು ಬರೆದುಕೊಳ್ಳಬೇಕು ಎಂದು ಗುಲ್ನಾಜ್ ಹೇಳಿದಾಗ ಅವನು ಗೋಡೆಯ ಕಡೆ ಹೊರಳಿ ಮಲಗಿದ.

"ಇವರು ಆಕಳಿಕಿ ಬಂದ್ರೂ ಟವಲ್ ಅಡ್ಡ ಹಿಡಿತಾರವ್ವಾ," ಎಂದು ಅಂಬಮ್ಮ ಗುಲ್ನಾಜಳಿಗೆ ಹೇಳಿದಳು. "ಮೂವತ್ತೆರಡು ವರ್ಷ ಆತು ಮದುವಿ ಆಗಿ. ನನಗ ಒಮ್ಮೆನೂ ಕೇಳಿಸಿಲ್ಲ."

ಹುಲಗಪ್ಪನಿಗೆ ಇಂಥ ತೊಂದರೆ ಇರಲಿಲ್ಲ. ಕೇಳುವ ಮೊದಲೇ ಹೇಳುತ್ತಿದ್ದ. "ಇನ್ನ ಇಲ್ಲವ್ವಾ. ಬರೇ ಗುಡುಗಾಕತ್ತದ. ಮಳಿ ಇಲ್ಲ."

ಗುರುವಾರ ನಾಲ್ಕು ಗಂಟೆಗೆ ಮಟಮಾರಿಯಿಂದ ಬೀಗರು ಬಂದರು. ಮಗಳು ನಾಗರತ್ನಾಳನ್ನು ಆ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಜಂಬಣ್ಣ ಗಮ್ಮನ್ನು ದವಡೆಯ ಮೂಲೆಗೆ ತಳ್ಳಿ, ನೋವಿದ್ದರೂ ದಿಂಬಿಗೆ ಒರಗಿ ನೆಟ್ಟಗೆ ಕೂತ. ಕುರ್ಚಿ ಒಂದೇ ಇದ್ದುದರಿಂದ ಅದು ಬೀಗಿತ್ತಿಗೆ ಹೋಯಿತು, ಬೀಗರು ಮಂಚದ ತುದಿಯಲ್ಲಿ ಕೂತರು. ಈ ಸಲದ ಭತ್ತದಲ್ಲಿ ನುಚ್ಚು ಜಾಸ್ತಿ ಎಂದು ಅವರು, ಒಣಗಿಸುವುದರಲ್ಲಿ ತಪ್ಪಾಗಿರಬೇಕು ಎಂದು ಇವನು ಮಾತಾಡುತ್ತಿದ್ದರು. ಹೇಗೆ ಒಣಗಿಸಬೇಕೆಂದು ಜಂಬಣ್ಣ ವಿವರಿಸುತ್ತಿದ್ದಾಗ, ಮಾತಿನ ನಡುವೆಯೇ, ಅವನ ಕರುಳು ಎದ್ದಿತು.

ಸದ್ದು ಸಣ್ಣದಾಗಿರಲಿಲ್ಲ. ಬೀಗರು ಕಿಟಕಿಯ ಹೊರಗೆ ಏನನ್ನೋ ನೋಡಿದರು. ಬೀಗಿತ್ತಿ ತಾವೇ ತಂದಿದ್ದ ಪೇರಲ ಹಣ್ಣಿನ ಚೀಲದಲ್ಲಿ ಕೈ ಹಾಕಿ ಏನೋ ಹುಡುಕಿದರು. ಜಂಬಣ್ಣನ ಮುಖ ನೋಡಿದ ಹುಲಗಪ್ಪನಿಗೆ ಕನಿಕರವಾಯಿತು. ಅವನು ಸಲೈನ್ ಹಚ್ಚಿರದ ಕೈಯನ್ನು ಎತ್ತಿದ.

"ನಂದ್ರಿ," ಎಂದ.

ಅದೇ ಹೊತ್ತಿಗೆ ಗುಲ್ನಾಜ್ ಬಾಗಿಲಲ್ಲಿದ್ದಳು. ನಗುತ್ತ ಬಂದು, ಗಡಿಯಾರ ನೋಡಿ, ಹುಲಗಪ್ಪನ ಹಾಳೆಯಲ್ಲಿ ನಾಲ್ಕು ಹನ್ನೆರಡು ಎಂದು ಬರೆದುಕೊಂಡಳು. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದು ಹಾಳೆ ನೋಡಿ, ಹುಲಗಪ್ಪನಿಗೆ ಗಂಜಿ ಶುರು ಮಾಡಬಹುದು ಎಂದು ಹೇಳಿ ಆಪರೇಷನ್ ಕೋಣೆಗೆ ಹೋದರು.

ಜಂಬಣ್ಣ ನಿರಾಳವಾಗಿ ಉಸಿರು ಬಿಟ್ಟ. ಆದರೆ ಹುಲಗಪ್ಪನ ಹೆಂಡತಿ ಪಕೀರಮ್ಮ ಸ್ಟೀಲಿನ ಲೋಟದಲ್ಲಿ ಗಂಜಿ ತಂದು ಊದಿ ಆರಿಸತೊಡಗಿದಾಗ ಅವನಿಗೆ ನಿಧಾನವಾಗಿ ಹೊಳೆಯಿತು. ಹುಲಗಪ್ಪನ ಕರುಳು ಇನ್ನೂ ಮಲಗಿದೆ. ಮೇಲಾಗಿ ಹೊಲಿಗೆ ಹಾಕಿದ ಕರುಳು.

ಅವನು ಆ ಕಡೆ ವಾಲಿ ಪಿಸುಗುಟ್ಟಿದ. "ಹುಲಗಪ್ಪ, ಕುಡೀಬ್ಯಾಡ. ಅದು ನಿಂದಲ್ಲ."

"ಹೇಳಿದ್ದಾತಲ್ಲ ಯಪ್ಪಾ. ಬರದೂ ಆತು. ಮ್ಯಾಲ, ಮೂರು ದಿನ ಆತು ಹಸಗೊಂಡು."

"ಹೊಟ್ಟಿ ಉಬ್ಬಿದ್ರ?"

"ಉಬ್ಬಿದ್ರ ಡಾಕ್ಟರ್ ಅದಾರ."

ಬೀಗರು ಇನ್ನೂ ಮಂಚದ ತುದಿಯಲ್ಲೇ ಕೂತಿದ್ದರು. ಲೋಟ ಹುಲಗಪ್ಪನ ಕೈಗೆ ಬಂತು. ಜಂಬಣ್ಣ ದವಡೆಯ ಮೂಲೆಯಿಂದ ಗಮ್ ತೆಗೆದು ಕಾಗದದಲ್ಲಿ ಸುತ್ತಿಟ್ಟ. ಗಂಟಲು ಸರಿಮಾಡಿಕೊಂಡು, ಪಂಚಾಯಿತಿಯಲ್ಲಿ ಮಾತಾಡುವ ದನಿಯಲ್ಲಿ ಕರೆದ.

"ಗುಲ್ನಾಜವ್ವಾ, ಆ ಲೋಟ ಇಸಕೋ. ನಾಲ್ಕು ಹನ್ನೆರಡರ ಗಾಳಿ ನಂದು."

ಗುಲ್ನಾಜ್ ಎರಡೇ ಹೆಜ್ಜೆಯಲ್ಲಿ ಬಂದು ಹುಲಗಪ್ಪನ ತುಟಿಯ ಹತ್ತಿರದಿಂದ ಲೋಟ ತೆಗೆದುಕೊಂಡಳು. ಜಂಬಣ್ಣ ಕಣ್ಣು ಮುಚ್ಚಿಕೊಂಡಿದ್ದ. ಸಂಬಂಧ ಇನ್ನೇನಾಗುತ್ತದೋ ಎಂದು ಕಾಯುತ್ತಿದ್ದಾಗ ಬೀಗರ ದನಿ ಕೇಳಿಸಿತು.

"ನಮಗ ಆಗಲೇ ಗೊತ್ತಿತ್ತು ಬಿಡ್ರಿ ಬೀಗರ. ನಾವು ನಿಮ್ ಮಂಚದ ಮ್ಯಾಗ ಕುಂತಿದ್ವಲ್ಲ."

ಅಂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ಬೀಗಿತ್ತಿಯೂ ಅವಳ ಹಿಂದೆಯೇ ಹೋದರು. ವರಾಂಡದಿಂದ ಇಬ್ಬರ ನಗುವೂ ಬಹಳ ಹೊತ್ತು ಕೇಳಿಸಿತು.

ಗುಲ್ನಾಜ್ ಮಾತ್ರ ನಗಲಿಲ್ಲ. ಹುಲಗಪ್ಪನ ಹಾಳೆಯಲ್ಲಿ ಬರೆದದ್ದರ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಜಂಬಣ್ಣನ ಹಾಳೆಯಲ್ಲಿ ಸಮಯ ಬರೆದಳು. ಆಮೇಲೆ ಇಬ್ಬರ ನಡುವೆ ನಿಂತು ಹೇಳಿದಳು.

"ಇದರಾಗ ಸೇರಿದ ನೂರಿಪ್ಪತ್ತು ಮಂದಿ ಖರೇ ಹೇಳಿದ್ರ ಅಷ್ಟ, ಈ ಗಮ್ಮಿಂದ ಉಪಯೋಗ ಅದನೋ ಇಲ್ಲೋ ಗೊತ್ತಾಗತದ. ನೀವು ನಾಚಿಕಿಗಿ ಒಂದು, ಅವರು ಒಳ್ಳೆತನಕ್ಕ ಒಂದು ಹೇಳಿದ್ರ, ಮುಂದ ಬರೋ ಪೇಷಂಟಿಗೆ ನಾವು ತಪ್ಪು ಹೇಳಿದಂಗ ಆಗತದ."

"ನಂದು ತಪ್ಪಾತು," ಎಂದ ಜಂಬಣ್ಣ. ಹುಲಗಪ್ಪ ಲೋಟವನ್ನೇ ನೋಡುತ್ತಿದ್ದ.

ಡಾಕ್ಟರು ಮತ್ತೆ ಬಂದು ಪರೀಕ್ಷಿಸಿ ಗಂಜಿಯನ್ನು ಜಂಬಣ್ಣನಿಗೆ ಕೊಡಿಸಿದರು. ಆದರೆ ಹಸಿದವನ ಕಣ್ಣೆದುರು ಕುಡಿಯಲು ಅವನಿಗೆ ಮನಸ್ಸಾಗಲಿಲ್ಲ. ಅಂಬಮ್ಮನ ಭುಜ ಹಿಡಿದು, ಸಲೈನಿನ ಕಂಬ ತಳ್ಳಿಕೊಂಡು ವರಾಂಡಕ್ಕೆ ಹೋಗಿ, ನಿಂತೇ ಕುಡಿದು ಬಾಯಿ ಒರೆಸಿಕೊಂಡು ಬಂದ.

ಶುಕ್ರವಾರ ಬೆಳಿಗ್ಗೆ ವಾರ್ಡಿನವರೆಲ್ಲ ಕೇಳಿದ್ದು ಜಂಬಣ್ಣನ ದನಿ. "ಗುಲ್ನಾಜವ್ವಾ, ಆರು ನಲವತ್ತು ಅಂತ ಬರಕೋ. ಹುಲಗಪ್ಪಂದು. ನಾನು ಸಾಕ್ಷಿ." ಪಕೀರಮ್ಮ ಆಗಲೇ ಲೋಟ ಹಿಡಿದು ಅಡುಗೆಮನೆಯ ಕಡೆ ಹೊರಟಿದ್ದಳು.

ಅವತ್ತೇ ಮಧ್ಯಾಹ್ನ ಎದುರಿನ ಹಾಸಿಗೆಗೆ ಕುರ್ಡಿಯ ನಿವೃತ್ತ ಹೆಡ್‌ಮಾಸ್ಟರ್ ರಾಮಣ್ಣನವರನ್ನು ತಂದರು. ಹಿಂದಿನ ದಿನವಷ್ಟೇ ಕರುಳಿನ ಆಪರೇಷನ್ ಆಗಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರೂ, ಗುಲ್ನಾಜ್ ಆ ಪ್ರಶ್ನೆ ಕೇಳಿದಾಗ ಇಂಥ ವಿಷಯ ಹೆಣ್ಣುಮಕ್ಕಳ ಹತ್ತಿರ ಮಾತಾಡುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿ ಕಣ್ಣು ಮುಚ್ಚಿಕೊಂಡರು.

ಜಂಬಣ್ಣ ಮಂಚದಿಂದ ಕಾಲು ಇಳಿಬಿಟ್ಟ. "ನಾನು ಅವರ ಕೂಡ ಮಾತಾಡ್ಲೇನವ್ವಾ?"

"ಮಾತಾಡ್ರಿ. ಆದ್ರ ಗಮ್ ಛಲೋ ಅಂತನೂ ಅನಬ್ಯಾಡ್ರಿ, ಕೆಟ್ಟದ್ದು ಅಂತನೂ ಅನಬ್ಯಾಡ್ರಿ. ಅದು ಇನ್ನ ಯಾರಿಗೂ ಗೊತ್ತಿಲ್ಲ."

"ಗಮ್ಮಿನ ಸುದ್ದಿ ತೆಗೆಂಗಿಲ್ಲ," ಎಂದು ಜಂಬಣ್ಣ ಕುರ್ಚಿ ಎಳೆದುಕೊಂಡು ಮಾಸ್ತರರ ತಲೆದೆಸೆಯಲ್ಲಿ ಕೂತ. "ಮಾಸ್ತರ, ನಿನ್ನಿ ನಮ್ಮ ಬೀಗರು ಬಂದಿದ್ರು," ಎಂದು ಶುರುಮಾಡಿದ.

ಐದು ನಿಮಿಷದಲ್ಲಿ ಮಾಸ್ತರರು ನಗು ತಡೆಯಲಾಗದೆ ಎರಡೂ ಕೈಯಿಂದ ಹೊಲಿಗೆ ಹಿಡಿದುಕೊಂಡು, ಸಾಕು ನಿಲ್ಲಿಸಿ ಎಂದು ಬೇಡಿಕೊಳ್ಳುತ್ತಿದ್ದರು.