ಹೊಳೆಯಾಚೆಗೆ ಹೋಗಬೇಕಿದ್ದ ದ್ವಾರಕಾಬಾಯಿ

ದೇವಗಡದ ಕಡೆಯ ನಮ್ಮೂರಿನಲ್ಲಿ ಹೊಳೆ ದಾಟುವ ದೋಣಿ ಹತ್ತಬೇಕಾದರೆ ದಕ್ಕೆಯ ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಪಕ್ಕದ ಮನೆಯ ದ್ವಾರಕಾಬಾಯಿ ಘಾಡಿ ಅವುಗಳನ್ನು ಇಳಿದು ಎರಡು ವರ್ಷವಾಗಿತ್ತು. ಸೊಂಟದ ಕೀಲು ಸವೆದಿತ್ತು. ಎದುರು ದಡದಲ್ಲಿ ಅವರ ಅಕ್ಕ ಶೇವಂತಿಯ ಮನೆ. ಸಂಜೆ ಅಂಗಳದಲ್ಲಿ ಕುಳಿತು ಆ ಮನೆಯ ಹೊಗೆಯನ್ನೇ ನೋಡುತ್ತಿದ್ದರು.

"ಇವತ್ತು ಒಲೆ ಹಚ್ಚೋದು ತಡ ಮಾಡಿದ್ಲು," ಎನ್ನುತ್ತಿದ್ದರು.

"ಫೋನ್ ಮಾಡಿ," ಎಂದೆ ಒಮ್ಮೆ.

"ಅವಳಿಗೆ ಕಿವಿ ಕೇಳಲ್ಲ ಟೀಚರ್. ಎದುರಿಗೆ ಕೂತ್ರೆ ಮುಖ ನೋಡಿ ತಿಳ್ಕೋತಾಳೆ."

ಕೀಲು ಬದಲಿಸಬೇಕೆಂದು ಡಾಕ್ಟರು ಹೇಳಿದ್ದರು. ಊರಿನ ನರ್ಸ್ ಸುಗಂಧಾ ಅದನ್ನೇ ನೆನಪಿಸಲು ಬಂದಳು.

"ಎಪ್ಪತ್ತೊಂದನೇ ವಯಸ್ಸಿಗೆ ಹೊಸ ಕೀಲಾ?" ಎಂದರು ದ್ವಾರಕಾಬಾಯಿ. "ಅದೂ ಅಂಟಿಸೋ ಸಿಮೆಂಟ್ ಹಚ್ಚದೆ ಕೂರಿಸ್ತಾರಂತೆ. ಈ ಮುದಿ ಮೂಳೆ ಹಿಡ್ಕೊಳ್ಳುತ್ತಾ?"

"ಕಾಕಿ, ನೀವು ಮಾವಿಗೆ ಕಸಿ ಕಟ್ಟೋರು. ಹಳೇ ಮರಕ್ಕೆ ಕಸಿ ಹತ್ತಲ್ವಾ?"

"ಮರ ಗಟ್ಟಿ ಇದ್ರೆ ಹತ್ತುತ್ತೆ."

"ಇಲ್ಲೂ ಹಾಗೇ. ಹೊಸ ಕೀಲಿನ ಮೈ ಒರಟಾಗಿರುತ್ತೆ, ನಿಮ್ಮ ಮೂಳೆಯೇ ಬೆಳೆದು ಹಿಡ್ಕೊಳ್ಳುತ್ತೆ. ವಯಸ್ಸಾದ ಎಷ್ಟೋ ಜನ ವರ್ಷಗಟ್ಟಲೆ ಚೆನ್ನಾಗಿ ಓಡಾಡ್ತಿದಾರೆ. ಮೂಳೆ ಟೊಳ್ಳಾಗಿದ್ರೆ ಮಾತ್ರ ಬಿರುಕು ಬಿಡೋ ಭಯ ಜಾಸ್ತಿ. ಅಂಥೋರಿಗೆ ಸಿಮೆಂಟೇ ವಾಸಿ ಅಂತಾರೆ. ಅದಕ್ಕೇ ಮೊದಲು ಪರೀಕ್ಷೆ."

ಪರೀಕ್ಷೆಯಲ್ಲಿ ಮೂಳೆ ಗಟ್ಟಿಯಿದೆ ಎಂದು ತಿಳಿಯಿತು. ಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮರುದಿನ ಎದ್ದು ನಿಲ್ಲಿ ಎಂದರೆ ದ್ವಾರಕಾಬಾಯಿ ಮಂಚ ಬಿಟ್ಟು ಕದಲಲಿಲ್ಲ.

"ಕಸಿ ಕಟ್ಟಿದ ಗಿಡ ಯಾರಾದ್ರೂ ಅಲ್ಲಾಡಿಸ್ತಾರಾ? ಹತ್ತೋವರೆಗೂ ಮುಟ್ಟಬಾರದು."

ಸೊಸೆ ಉಜ್ವಲಾ ಬೇಡಿಕೊಂಡಳು, ಡಾಕ್ಟರು ಗದರಿದರು. ಅವರು ಜಗ್ಗಲಿಲ್ಲ. ಮೂರನೆಯ ದಿನ, ಸುದ್ದಿ ತಿಳಿದ ಸುಗಂಧಾ ತನ್ನ ರಜೆಯಲ್ಲೇ ಬಸ್ಸು ಹತ್ತಿ ಆಸ್ಪತ್ರೆಗೆ ಬಂದಳು. ಬಂದವಳು ಮೊದಲು ದ್ವಾರಕಾಬಾಯಿಯ ಸಿಕ್ಕುಗಟ್ಟಿದ ಕೂದಲು ಬಾಚಿದಳು.

"ತಪ್ಪು ನನ್ನದೇ ಕಾಕಿ. ಕಸಿ ಮಾತು ಅರ್ಧಕ್ಕೇ ಬಿಟ್ಟೆ. ಕೀಲು ಈಗಲೇ ಬಿಗಿಯಾಗಿ ಕೂತಿದೆ. ಡಾಕ್ಟರು ನಿಲ್ಲಿ ಅಂದ ಮೇಲೆ ನಿಲ್ಲಬೇಕು. ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು."

"ಬಿದ್ರೆ?"

"ವಾಕರ್ ಇದೆ. ನಾನೂ ಇದೀನಿ."

"ನೀನೋ, ಕಡ್ಡಿ."

"ಹಾಗಾದ್ರೆ ನನ್ನ ಮೇಲೆ ಬೀಳಬೇಡಿ."

ಪಕ್ಕದ ಮಂಚದವರು ನಕ್ಕರು. ದ್ವಾರಕಾಬಾಯಿ ನಗಲಿಲ್ಲ. "ಹೊಳೆ ದಾಟಬಹುದಾ?" ಎಂದು ಮೆಲ್ಲಗೆ ಕೇಳಿದರು.

"ಈ ಮಂಚದ ಮೇಲಿಂದ ಆಗಲ್ಲ."

ಅವರು ಕಾಲು ಕೆಳಗಿಟ್ಟರು.

ಮೂರು ತಿಂಗಳ ಮೇಲೆ, ಡಾಕ್ಟರು ಒಪ್ಪಿದ ಮೇಲೆ, ಕೋಲೂರಿ ಒಂದೊಂದೇ ಮೆಟ್ಟಿಲು ಇಳಿದರು. ದೋಣಿಯವನು ಅವಸರ ಮಾಡದೆ ಹಗ್ಗ ಹಿಡಿದು ನಿಂತಿದ್ದ. ಆಚೆ ದಡದಲ್ಲಿ ಶೇವಂತಿ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು:

"ಇಷ್ಟು ದಿನ ಎಲ್ಲಿದ್ಯೇ?"

"ಇಲ್ಲೇ, ಎದುರಿಗೇ ಇದ್ದೆ," ಎಂದರು ದ್ವಾರಕಾಬಾಯಿ, ಅಕ್ಕನಿಗೆ ತಿಳಿಯುವಂತೆ ನಿಧಾನವಾಗಿ.

ನಿಮ್ಮ ಮನೆಯಲ್ಲೂ ಸೊಂಟ ಹಿಡಿದು ಕುಳಿತ ಹಿರಿಯರಿರಬಹುದು. ವಯಸ್ಸಾಯಿತೆಂದು ಕೈಬಿಡಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಸಿಮೆಂಟ್ ಬೇಕೇ ಬೇಡವೇ ಎಂಬುದನ್ನು ಅವರ ಮೂಳೆ ನೋಡಿ ಡಾಕ್ಟರು ಹೇಳಲಿ. ಆಪರೇಷನ್ ಆದರೆ, ಏಳಿ ಎಂದ ದಿನ ಎಬ್ಬಿಸಿ, ಬೀಳದಂತೆ ಕಾಯಿರಿ, ಹೇಳಿದ ದಿನ ಮರಳಿ ತೋರಿಸಿ. ಅದಕ್ಕೂ ಮೊದಲು ಅವರ ಪಕ್ಕ ಕುಳಿತು, ಎಲ್ಲಿಗೆ ಹೋಗಬೇಕೆಂದು ಆಸೆಯಿದೆ ಎಂದು ಕೇಳಿ.