ಫ್ರಿಜ್‌ನೊಳಗಿನ ಚಿಟ್ಟೆಗಳು

ಸ್ಟಾಫ್ ರೂಮಿನ ಫ್ರಿಜ್‌ನಲ್ಲಿ ಮೇಲೆ ಊಟದ ಡಬ್ಬಿಗಳು, ಕೆಳಗೆ ನಾಲ್ಕನೇ ತರಗತಿಯ ಚಿಟ್ಟೆಗಳು. ಬೂಟಿನ ರಟ್ಟಿನ ಪೆಟ್ಟಿಗೆಯಲ್ಲಿ ರೆಕ್ಕೆ ಮುಚ್ಚಿ, ಚಳಿಗೆ ಮರಗಟ್ಟಿ ಕೂತಿದ್ದವು. ವಿಜ್ಞಾನದ ಟೀಚರ್ ತಮ್ಮ ಡಬ್ಬಿ ತೆಗೆದುಕೊಂಡರು. ತೆರೆಯದೆ ಮತ್ತೆ ಅಲ್ಲೇ ಇಟ್ಟರು.

ಮಕ್ಕಳು ಅವನ್ನು ಹುಳುಗಳಾಗಿದ್ದಾಗಿನಿಂದ ಸಾಕಿದ್ದರು. ಅಂಗಳದ ನಿಂಬೆ ಗಿಡವನ್ನು ಬೋಳು ಮಾಡಿ ಎಲೆ ತಿನ್ನಿಸಿದ್ದರು. ಕೋಶ ಒಡೆದು ಹೊರಬಂದ ಕೂಡಲೇ ಹಾರಿಬಿಡೋಣ ಎಂದು ಟೀಚರ್ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಹೆಡ್ ಮೇಡಂ, ಪರಿಸರ ದಿನಾಚರಣೆಗೆ ಬರುವ ಅತಿಥಿಯ ಕೈಯಿಂದಲೇ ಹಾರಿಸಬೇಕೆಂದು ಹಟ ಹಿಡಿದರು. ತಣ್ಣಗಿಟ್ಟರೆ ಗಲಾಟೆಯಿಲ್ಲದೆ ಕೂರುತ್ತವೆ ಎಂದು ಎಲ್ಲೋ ಓದಿದ್ದರಂತೆ. ಇಂಥವನ್ನೆಲ್ಲ ಎಲ್ಲಿಂದ ಹುಡುಕುತ್ತಾರೋ, ದೇವರೇ ಬಲ್ಲ. ನಿನ್ನೆ ಬರಬೇಕಿದ್ದ ಅತಿಥಿ ಇವತ್ತೂ ಬರಲಿಲ್ಲ. ನಾಳೆ ಖಂಡಿತ ಎಂದು ಫೋನ್ ಬಂತು.

"ಇನ್ನೊಂದು ದಿನ ತಡೆಯಲ್ಲ ಮೇಡಂ, ಸತ್ತುಹೋಗ್ತವೆ," ಎಂದರು ಟೀಚರ್.

"ನನಗೇನು ಇದು ಖುಷಿನಾ? ಕ್ಲಾಸ್‌ರೂಮುಗಳು ಸೋರ್ತಿವೆ. ಹೊಸ ಸೂರು ಹಾಕಿಸಿಕೊಡ್ತೀನಿ ಅಂದಿರೋದು ಆ ಅತಿಥಿ ಒಬ್ಬರೇ. ಮಕ್ಕಳ ತಲೆ ಮೇಲೆ ನೀರು ಬೀಳೋದು ದೊಡ್ಡದಾ, ನಾಲ್ಕು ಚಿಟ್ಟೆ ದೊಡ್ಡದಾ? ನಿಮ್ಮ ಕೆಲಸಾನೂ ಇನ್ನೂ ಖಾಯಂ ಆಗಿಲ್ಲ, ನೆನಪಿರಲಿ."

ಟೀಚರ್ ತರಗತಿಗೆ ಹೊರಟರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಸೋರುವ ಸೂರಿನ ಮಾತೂ ಸುಳ್ಳಲ್ಲ. ಯಾವ ಕಡೆ ತಿರುಗಿದರೂ ಗೋಡೆಯೇ.

ತರಗತಿಯಲ್ಲಿ ಮಕ್ಕಳು ನಾಳಿನ ಭಾಷಣವನ್ನು ಉರು ಹೊಡೆಯುತ್ತಿದ್ದರು. "ಪ್ರಕೃತಿಯನ್ನು ಪ್ರೀತಿಸೋಣ" ಎನ್ನುವಲ್ಲಿಗೆ ಬಂದಾಗ ಎರಡು ಜಡೆಯ ಹುಡುಗಿ ನಿಲ್ಲಿಸಿಬಿಟ್ಟಳು.

"ಮಿಸ್, ಅವು ಇನ್ನೂ ಎದ್ದಿಲ್ವಾ?"

"ಇಲ್ಲ ಪುಟ್ಟಿ, ನಿದ್ದೆ ಮಾಡ್ತಿವೆ."

"ನಿನ್ನೇನೂ ಹಾಗೇ ಅಂದ್ರಿ. ನಂಗೆ ಹಸಿವಾದ್ರೆ ನಿದ್ದೇನೇ ಬರಲ್ಲಪ್ಪ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಟೀಚರಿಗೆ ಮಾತ್ರ ನಾಚಿಕೆಯಿಂದ ಮುಖ ಬಿಸಿಯಾಯಿತು. ಎದ್ದು ಹೋಗಿ ಪೆಟ್ಟಿಗೆ ತಂದರು. ಮಕ್ಕಳನ್ನೆಲ್ಲ ಬಿಸಿಲಿಗೆ ಕರೆದೊಯ್ದು ಮುಚ್ಚಳ ತೆಗೆದರು.

"ನಿದ್ದೆ ಅಲ್ಲ ಮಕ್ಕಳೇ. ಚಳಿಯಲ್ಲಿ ಕೂಡಿಹಾಕಿದ್ವಿ. ನಾನು ನಿಮಗೆ ಸುಳ್ಳು ಹೇಳಿದೆ."

ಮಕ್ಕಳು ಪೆಟ್ಟಿಗೆಯ ಸುತ್ತ ಬಗ್ಗಿದರು. ಬಹಳ ಹೊತ್ತಿನ ಮೇಲೆ ಒಂದು ಚಿಟ್ಟೆ ನಡುಗಿತು, ರೆಕ್ಕೆ ಬಿಚ್ಚಿತು, ಗೋಡೆ ದಾಟಿ ಹೋಯಿತು. ಅದರ ಹಿಂದೆ ಕೆಲವು ಹೋದವು. ಕೆಲವು ಪೆಟ್ಟಿಗೆಯಲ್ಲೇ ಉಳಿದವು, ಅವು ಇನ್ನು ಏಳುವಂತಿರಲಿಲ್ಲ. ಒಂದು ಮಾತ್ರ ಹುಡುಗಿಯ ಅಂಗೈಯಲ್ಲಿ ಕಾಲಾಡಿಸುತ್ತಿತ್ತು.

ಹೆಡ್ ಮೇಡಂ ದಡದಡನೆ ಬಂದರು. "ಯಾರನ್ನ ಕೇಳಿ ತೆಗೆದ್ರಿ?"

"ಯಾರನ್ನೂ ಕೇಳಲಿಲ್ಲ ಮೇಡಂ."

"ನಾಳೆ ಅವರಿಗೆ ಏನು ತೋರಿಸ್ತೀರಿ? ನನ್ನ ಮುಖಾನಾ?"

ಟೀಚರ್ ತಮ್ಮ ಕೆಲಸ ಹೋಯಿತೆಂದೇ ಅಂದುಕೊಂಡರು.

ಹುಡುಗಿ ತಲೆಯೆತ್ತದೆ ಹೇಳಿದಳು: "ಮೇಡಂ, ಸ್ವಲ್ಪ ಪಕ್ಕಕ್ಕೆ ಬನ್ನಿ. ನಿಮ್ಮ ನೆರಳು ಬೀಳ್ತಿದೆ, ಇದಕ್ಕೆ ಚಳಿ ಆಗುತ್ತೆ."

ಹೆಡ್ ಮೇಡಂ ಗದರಲು ಬಾಯಿ ತೆರೆದರು. ಕಣ್ಣು ಆ ಪುಟ್ಟ ಅಂಗೈ ಮೇಲೆ ಬಿತ್ತು. ಪಕ್ಕಕ್ಕೆ ಸರಿದರು. ಬಿಸಿಲು ಪೂರ್ತಿ ಬಿದ್ದಿದೆಯೇ ಎಂದು ಬಗ್ಗಿ ನೋಡಿ, ಇನ್ನೊಂದು ಹೆಜ್ಜೆ ಸರಿದರು.