ಯಜಮಾನರ ಟವೆಲ್

ಒಂದೇ ವಾರದಲ್ಲಿ ಎರಡನೆಯ ಗಬ್ಬದ ಕುದುರೆಯೂ ದಿನ ತುಂಬುವ ಮೊದಲೇ ಕಂದು ಹಾಕಿತು. ಲಾಯದ ಯಜಮಾನರಿಗೆ ಕಾರಣ ಹುಡುಕಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾದಿನಿಯೇ ಸಿಕ್ಕಳು.

"ಇವಳ ಕಣ್ಣು ಬಿದ್ದೇ ಹೀಗಾಗಿದ್ದು, ಡಾಕ್ಟ್ರೇ."

ಪಶುವೈದ್ಯೆ ಪ್ರಯೋಗಾಲಯದ ವರದಿ ಬಿಡಿಸಿದರು. "ಕಣ್ಣಲ್ಲ ಸರ್, ವೈರಸ್ಸು. ಒಂದರ ಸಿಂಬಳದಿಂದ ಇನ್ನೊಂದಕ್ಕೆ ಹರಡುತ್ತೆ. ಎಲ್ಲಾ ಕುದುರೆಗಳನ್ನೂ ಮುಟ್ಟೋರು ಯಾರು?"

ಯಜಮಾನರು ಎದೆಯುಬ್ಬಿಸಿದರು. "ಕೆಲಸದವರನ್ನ ನಾನು ನಂಬೋದೇ ಇಲ್ಲ. ದಿನಾ ಬೆಳಿಗ್ಗೆ ಹನ್ನೊಂದೂ ಕುದುರೆಗಳ ಮೂಗನ್ನ ನಾನೇ ಒರೆಸ್ತೀನಿ. ಇದೇ ಟವೆಲಲ್ಲಿ."

ವೈದ್ಯೆ ಕೈಗವಸು ಹಾಕಿಕೊಂಡು, ಅವರ ಹೆಗಲ ಮೇಲಿದ್ದ ಟವೆಲನ್ನು ಎರಡೇ ಬೆರಳಲ್ಲಿ ಎತ್ತಿ ಚೀಲಕ್ಕೆ ಹಾಕಿದರು.

ನಾದಿನಿ ಲಾಯದ ಬಾಗಿಲು ಮುಚ್ಚಿ ಅಡ್ಡ ನಿಂತಳು.

"ಭಾವ, ಇನ್ಮೇಲೆ ನೀವು ಹೊರಗಿಂದ ಎಷ್ಟು ಬೇಕಾದ್ರೂ ನೋಡಿ. ನೋಡಿದ್ರೆ ಏನೂ ಆಗಲ್ವಂತೆ."